ಪಟ್ಟಾ ಕೊಟ್ಟವರು, ಪಾಠಶಾಲೆ ಕಟ್ಟಿದವರು



ನಿಮ್ಮ ಮನೆಯ ಹಳೆಯ ಪೆಟ್ಟಿಗೆಯ ತಳದಲ್ಲಿ ಒಂದು ಪಟ್ಟಾ ಇದ್ದೀತು. ಆದವಾನಿ, ರಾಯದುರ್ಗದ ಕಡೆಯವರಾದರೆ ಅದು ತೆಲುಗಿನಲ್ಲೋ ಕನ್ನಡದಲ್ಲೋ ಇರುತ್ತದೆ. ಕಾಸರಗೋಡಿನವರಾದರೆ ಅಜ್ಜನ ಕಾಲದ್ದು ಕನ್ನಡದಲ್ಲಿ, ಅಪ್ಪನ ಕಾಲದ್ದು ಮಲಯಾಳದಲ್ಲಿ. ಭಾಷೆ ಯಾವುದಾದರೇನು, ಒಳಗಿನ ಮಾತು ಒಂದೇ: ಇಂಥವನ ಹೆಸರಿನಲ್ಲಿ ಇಷ್ಟು ನೆಲ, ಅದಕ್ಕೆ ಇಷ್ಟು ತೀರ್ವೆ. ಸರಕಾರ ಮತ್ತು ರೈತ, ಇಬ್ಬರ ನಡುವಿನ ಒಂದು ಕೊಡು-ಕೊಳ್ಳುವ ಕರಾರು. ಈ ದಿನ ನಾವು ಆ ಕಾಗದದಿಂದಲೇ ಹೊರಟು ನಾಯಕತ್ವದ ವಿಚಾರ ಮಾತಾಡೋಣ.

ನಾಯಕತ್ವ ಎಂದೊಡನೆ ನಮಗೆ ಭಾಷಣ, ಹಾರ, ಮೆರವಣಿಗೆ ನೆನಪಾಗುತ್ತವೆ. ಅಮೆರಿಕದ ಇತಿಹಾಸಕಾರ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ ಅವರು 1978ರಲ್ಲಿ ಇದೇ ವಿಷಯದ ಮೇಲೆ ಒಂದು ದಪ್ಪ ಪುಸ್ತಕ ಬರೆದು, ನಾಯಕರು ಎರಡು ಬಗೆ ಎಂದರು. ಮೊದಲನೆಯ ಬಗೆಯವರು ವ್ಯವಹಾರದ ನಾಯಕರು. ನೀನು ಇದು ಕೊಡು, ನಾನು ಅದು ಕೊಡುತ್ತೇನೆ ಎನ್ನುವವರು. ಓಟಿಗೆ ರಸ್ತೆ, ದುಡಿಮೆಗೆ ಕೂಲಿ, ಕಂದಾಯಕ್ಕೆ ರಕ್ಷಣೆ. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ, ಲೋಕದ ಬಹುಪಾಲು ಆಡಳಿತ ನಡೆಯುವುದು ಹೀಗೆಯೇ. ಎರಡನೆಯವರು ಪರಿವರ್ತನೆಯ ನಾಯಕರು. ಜನರ ಬೇಡಿಕೆಯನ್ನು ಪೂರೈಸುವುದಷ್ಟೇ ಅಲ್ಲ, ತಾವು ಏನನ್ನು ಬೇಡಬಹುದು, ಏನಾಗಬಹುದು ಎಂಬ ಜನರ ಎಣಿಕೆಯನ್ನೇ ಇವರು ಬದಲಿಸುತ್ತಾರೆ. ಹಾಗೆ ಬದಲಿಸುವಾಗ ತಾವೂ ಬದಲಾಗುತ್ತಾರೆ. ಬರ್ನ್ಸ್ ಅವರು ಇದಕ್ಕೆ ಗಾಂಧೀಜಿಯವರನ್ನು ಉದಾಹರಿಸಿದರು. 1985ರಲ್ಲಿ ಬರ್ನಾರ್ಡ್ ಬಾಸ್ ಎಂಬ ಇನ್ನೊಬ್ಬ ಅಮೆರಿಕನ್ ವಿದ್ವಾಂಸರು ಈ ವಿಂಗಡಣೆಯನ್ನು ಮುಂದುವರಿಸಿ, ಒಬ್ಬನೇ ನಾಯಕನಲ್ಲಿ ಎರಡೂ ಇರಬಹುದು, ಪ್ರಮಾಣ ಮಾತ್ರ ಬೇರೆ ಎಂದರು.

ಪುಸ್ತಕದ ಮಾತು ಇಷ್ಟು ಸಾಕು. ಇದನ್ನು ಒರೆಹಚ್ಚಿ ನೋಡಲು ದೂರ ಹೋಗಬೇಕಾಗಿಲ್ಲ. ನಮ್ಮ ಗಡಿನಾಡುಗಳಲ್ಲೇ ಓಡಾಡಿದ ಒಬ್ಬರು, ಇಲ್ಲಿಯೇ ಹುಟ್ಟಿದ ಇನ್ನೊಬ್ಬರು ನಮಗೆ ಸಿಗುತ್ತಾರೆ.

ಮೊದಲನೆಯವನು ಥಾಮಸ್ ಮನ್ರೋ. 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿ, 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಯ ಕೆಡೆಟ್ ಹುದ್ದೆ ಹಿಡಿದು ಮದರಾಸಿಗೆ ಬಂದವನು. ಇವನ ಸಂಚಾರದ ದಾರಿ ನೋಡಿ: 1792ರಿಂದ ಏಳು ವರ್ಷ ಬಾರಾಮಹಲಿನಲ್ಲಿ, ಅಂದರೆ ಹೊಸೂರು ಘಟ್ಟದ ಕೆಳಗಿನ ಕೃಷ್ಣಗಿರಿ, ಧರ್ಮಪುರಿಯ ಸೀಮೆಯಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾದಲ್ಲಿ, ಅಂದರೆ ಕಾರವಾರದಿಂದ ಬೇಕಲದವರೆಗಿನ ಕರಾವಳಿಯಲ್ಲಿ. 1800ರ ಕೊನೆಯಿಂದ 1807ರವರೆಗೆ ಬಳ್ಳಾರಿ, ಅನಂತಪುರ, ಕಡಪದ ದತ್ತ ಮಂಡಲದಲ್ಲಿ. ಈ ನಾಡನ್ನು ಹೈದರಾಬಾದಿನ ನಿಜಾಮ 1800ರ ಅಕ್ಟೋಬರಿನ ಒಪ್ಪಂದದಲ್ಲಿ ಕಂಪನಿಗೆ ಬಿಟ್ಟುಕೊಟ್ಟಿದ್ದ. ಆದವಾನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಅದರೊಳಗೆ. ಹೀಗೆ ಇಂದು ಮೂರು ರಾಜ್ಯಗಳಲ್ಲಿ ಚದುರಿಹೋಗಿರುವ ನಮ್ಮ ಗಡಿಗಳನ್ನು ಒಬ್ಬನೇ ಮನುಷ್ಯ ಕುದುರೆಯ ಮೇಲೆ ಸುತ್ತಿದ್ದ.

ದತ್ತ ಮಂಡಲದಲ್ಲಿ ಆಗ ಸುಮಾರು 80 ಮಂದಿ ಪಾಳೆಯಗಾರರಿದ್ದರು. ಯಾರಿಗೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬುದಕ್ಕೆ ಕಟ್ಟಳೆ ಇರಲಿಲ್ಲ. ಬೆಳೆ ಕಣಕ್ಕೆ ಬರುವ ಹೊತ್ತಿಗೆ ಕತ್ತಿ ಹಿಡಿದವನು ಬಂದು ನಿಲ್ಲುತ್ತಿದ್ದ, ಮರುವಾರ ಮತ್ತೊಬ್ಬ. ಮನ್ರೋ ಪಾಳೆಯಗಾರರಲ್ಲಿ ಕೆಲವರನ್ನು ಓಡಿಸಿದ, ಕೆಲವರಿಗೆ ಪಿಂಚಣಿ ಕಟ್ಟಿ ಕೂರಿಸಿದ. ಮಣಿಯದ ಊರಿಗೆ ಫೌಜು ಹೋಗುತ್ತಿತ್ತು. 1801ರಲ್ಲಿ ಆದವಾನಿ ಕಡೆಯ ತೆರ್ನೆಕಲ್ಲಿನ ಕೋಟೆಯನ್ನು ಕಂಪನಿಯ ಪಡೆ ಮುತ್ತಿ ಹಿಡಿಯಿತು. ಈ ವ್ಯವಹಾರದ ಹಿಂದೆ ತುಪಾಕಿ ಇತ್ತು ಎಂಬುದನ್ನು ಮರೆಯಬಾರದು.

ಆಮೇಲೆ ಅಳತೆ ಶುರುವಾಯಿತು. 33 ಅಡಿಯ ಸರಪಳಿ ಹಿಡಿದು ಹೊಲಹೊಲವನ್ನೂ ಅಳೆದರು. ಆ ಸರಪಳಿಯ ಒಂದು ಚದರವೇ ಒಂದು ಗುಂಟೆ, ಅಂಥ 40 ಸೇರಿದರೆ ಎಕರೆ. ಮಣ್ಣಿನ ಗುಣ ನೋಡಿ ತರಗತಿ ಹಾಕಿದರು, ತೀರ್ವೆ ನಿಗದಿ ಮಾಡಿದರು. ನಡುವೆ ಜಮೀನ್ದಾರನಿಲ್ಲ, ಗುತ್ತಿಗೆದಾರನಿಲ್ಲ. ಹೊಲ ಉಳುವ ಪಟ್ಟಾದಾರ ಮತ್ತು ಸರಕಾರ, ಇಬ್ಬರೇ. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಕೂತು ಈ ವರ್ಷ ಯಾವ ಹೊಲ ಇಟ್ಟುಕೊಳ್ಳುತ್ತೀ, ಯಾವುದು ಬಿಡುತ್ತೀ ಎಂದು ಕೇಳಿ ಬರೆದುಕೊಳ್ಳುವುದು. ಇದಕ್ಕೇ ರೈತವಾರಿ ಎಂದು ಹೆಸರು. ಮನ್ರೋ ಇದಕ್ಕಾಗಿ ವರ್ಷಗಟ್ಟಲೆ ಡೇರೆಯಲ್ಲೇ ಬಾಳಿದ. ತನ್ನ ಡೇರೆಯ ಮುಂದೆ ರೈತರು ಜಗಳವಾಡುತ್ತ ಕೂತರೆ ಕೇಳಿಸಿಕೊಳ್ಳುವ ತಾಳ್ಮೆ ಅವನಿಗಿತ್ತು. ನನಗಂತೂ ಅವನ ಕಾನೂನಿಗಿಂತ ಈ ಕಿವಿಯೇ ದೊಡ್ಡದೆನಿಸುತ್ತದೆ.

ಲೆಕ್ಕ ಮಾತ್ರ ಬಿಗಿಯಾಗಿತ್ತು. ತೀರ್ವೆ ಒಟ್ಟು ಹುಟ್ಟುವಳಿಯ ನೂರಕ್ಕೆ 45ರ ಆಸುಪಾಸಿಗೆ ಬರುತ್ತಿತ್ತು. ಏಳು ವರ್ಷಗಳಲ್ಲಿ ಕಂಪನಿಯ ಭೂಕಂದಾಯ ಸುಮಾರು ಅರ್ಧದಷ್ಟು ಏರಿತು. ಇದು ಹೆಚ್ಚಾಯಿತೆಂದು ಮನ್ರೋಗೇ ಅನಿಸಿತು. 1807ರ ಆಗಸ್ಟಿನಲ್ಲಿ ಅವನು, ಎಲ್ಲ ಜಮೀನಿಗೂ ನೂರಕ್ಕೆ 25 ಇಳಿಸಿ, ಬಾವಿ ಕೆರೆಯ ನೀರಿನ ಜಮೀನಿಗೆ ಅದರ ಮೇಲೆ ಇನ್ನೂ 8 ಇಳಿಸಿ ಎಂದು ಮೇಲಕ್ಕೆ ಬರೆದ. ಇಳಿಸಿದರೆ ರೈತ ಹೆಚ್ಚು ನೆಲ ಉಳುತ್ತಾನೆ, ಕೊನೆಗೆ ಸರಕಾರಕ್ಕೂ ಲಾಭ ಎಂಬುದು ಅವನ ವಾದ. ಕರುಣೆಯನ್ನೂ ಲೆಕ್ಕದ ಭಾಷೆಯಲ್ಲೇ ಹೇಳುವವನು ಅವನು. ಮೇಲಿನವರು ಒಪ್ಪಲಿಲ್ಲ. ಮನ್ರೋ ರಜೆಯ ಮೇಲೆ ವಿಲಾಯಿತಿಗೆ ಹೋದದ್ದೇ ತಡ, ಊರುಗಳನ್ನೇ ಇಡಿಯಾಗಿ ಮೊದಲು ಮೂರು ವರ್ಷಕ್ಕೆ, ಬಳಿಕ ಹತ್ತು ವರ್ಷಕ್ಕೆ ಗುತ್ತಿಗೆ ಕೊಡುವ ಏರ್ಪಾಡು ಬಂತು. 1820ರಲ್ಲಿ ಅವನು ಮದರಾಸಿನ ಗವರ್ನರಾಗಿ ಮರಳಿ ಬಂದ ಮೇಲೆಯೇ ರೈತವಾರಿ ಗಟ್ಟಿಯಾಗಿ ನೆಲೆಯೂರಿದ್ದು, ತೀರ್ವೆ ಇಳಿದದ್ದು. ನಡುವೆ ಕಳೆದ ಹದಿಮೂರು ವರ್ಷ ರೈತ ತೆತ್ತದ್ದು ತೆತ್ತದ್ದೇ.

ಇಷ್ಟಾದರೂ ಜನ ಅವನನ್ನು ಒಳ್ಳೆಯ ಮನಸ್ಸಿನಿಂದ ನೆನೆದರು. 1827ರ ಜುಲೈ 6ರಂದು, ದತ್ತ ಮಂಡಲಕ್ಕೆ ವಿದಾಯದ ಭೇಟಿಗೆಂದು ಬಂದಾಗಲೇ, ಪತ್ತಿಕೊಂಡದಲ್ಲಿ ವಾಂತಿಭೇದಿ ತಗುಲಿ ತೀರಿಕೊಂಡ. ಮೊದಲು ಗುತ್ತಿಯಲ್ಲಿ ಮಣ್ಣು ಮಾಡಿದರು. ಆ ಸೀಮೆಯ ರೈತರು ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು. ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನದೊಳಗಿಂದ ಅವನೊಡನೆ ಮಾತಾಡಿದರೆಂಬ ಕಥೆ ನಿಮಗೆ ಗೊತ್ತೇ ಇದೆ. ಕಥೆ ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಒಬ್ಬ ಕಂದಾಯದ ಅಧಿಕಾರಿಯ ಬಗ್ಗೆ ಜನ ಇಂಥ ಕಥೆ ಕಟ್ಟಬೇಕಾದರೆ, ಹಿಂದಿನ ಗೊಂದಲಕ್ಕೆ ಹೋಲಿಸಿದಾಗ ಈ ಕರಾರು ಅವರಿಗೆ ಎಷ್ಟು ಹಾಯೆನಿಸಿರಬೇಕು, ಯೋಚಿಸಿ.

ಹಾಗಾದರೆ ಇದರಲ್ಲಿ ಕೊರತೆ ಎಲ್ಲಿ? ಅದನ್ನು ತಿಳಿಯಲು ಮನ್ರೋನೇ ಮಾಡಿಸಿದ ಇನ್ನೊಂದು ಲೆಕ್ಕವನ್ನು ನೋಡಬೇಕು.

1822ರ ಜೂನಿನಲ್ಲಿ ಗವರ್ನರ್ ಮನ್ರೋ ಮದರಾಸು ಸಂಸ್ಥಾನದ ಎಲ್ಲ ಜಿಲ್ಲೆಗಳ ಶಾಲೆಗಳನ್ನು ಎಣಿಸಲು ಅಪ್ಪಣೆ ಮಾಡಿದ. ನಾಲ್ಕು ವರ್ಷದ ಬಳಿಕ ಒಟ್ಟು ಮಾಡಿದಾಗ 12,498 ಶಾಲೆ, 1,88,650 ಮಕ್ಕಳು ಎಂದು ಬಂತು. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಕಳಿಸಿದ ವರದಿ ನಮಗೆ ಮುಖ್ಯ. ಆಗಿನ ಬಳ್ಳಾರಿ ಜಿಲ್ಲೆಯೆಂದರೆ ಆದವಾನಿ, ರಾಯದುರ್ಗ, ಅನಂತಪುರ, ಮಡಕಶಿರಾ ಎಲ್ಲ ಸೇರಿ. ಒಟ್ಟು 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4, ಇಂಗ್ಲಿಷು 1. ಎರಡು ಭಾಷೆ ಆಡುವ ಮನೆಗಳು ನಿಮ್ಮವು. 235 ಮತ್ತು 226 ಎಂಬ ಈ ಅಕ್ಕಪಕ್ಕದ ಅಂಕಿಗಳನ್ನು ಕೇಳಿ ನಿಮಗೆ ನಗು ಬಂದೀತು. ನಮ್ಮ ಅಜ್ಜಂದಿರು ಭಾಷೆಗಾಗಿ ಹೊಡೆದಾಡಲಿಲ್ಲ, ಪಾಲು ಹಂಚಿಕೊಂಡಿದ್ದರು.

ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿಯಿದೆ. ಆ ಜಿಲ್ಲೆಯ 6,641 ಮಕ್ಕಳಲ್ಲಿ ಹುಡುಗಿಯರು 60. ಇನ್ನು ಜಾತಿಯ ಅಂಕಣಗಳು: ಬ್ರಾಹ್ಮಣ, ವೈಶ್ಯ, ಶೂದ್ರ, ಮುಸಲ್ಮಾನ, ಇವುಗಳ ನಡುವೆ ಉಳಿದವರೆಲ್ಲರಿಗೂ ಸೇರಿ 'ಇತರ ಜಾತಿಗಳು' ಎಂಬ ಒಂದು ಅಂಕಣ. ಕೆನರಾದ ಕಲೆಕ್ಟರನಂತೂ ಅಂಕಿಯನ್ನೇ ಕಳಿಸಲಿಲ್ಲ. ಇಲ್ಲಿ ವಿದ್ಯೆಯೆಲ್ಲ ಮನೆಮನೆಯಲ್ಲಿ ಖಾಸಗಿಯಾಗಿ ನಡೆಯುತ್ತದೆ, ಎಣಿಸುವುದು ಕಷ್ಟ ಎಂಬ ಅರ್ಥದ ಉತ್ತರ ಬರೆದ. ಕಾಸರಗೋಡೂ ಮಂಗಳೂರೂ ಇದ್ದ ಕೆನರಾದ ಪಟ್ಟಿ ಹೀಗೆ ಖಾಲಿ ಉಳಿಯಿತು.

ಮನೆಯಲ್ಲಿ ಖಾಸಗಿಯಾಗಿ ಕಲಿಯುವವರು ಯಾರು? ಮನೆಯೂ ನೆಲವೂ ಇದ್ದವರು. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ತುಳುನಾಡನ್ನು ಹಾದುಹೋದಾಗ, ಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರನ್ನು ಕಂಡು ಬರೆದಿಟ್ಟಿದ್ದಾನೆ. ಊರ ಮಾತಿನಲ್ಲಿ ಅವರು ಮೂಲದಾಳುಗಳು. ಗುಲಾಮಗಿರಿಗೆ ಕಾನೂನಿನ ಬಲ ತಪ್ಪಿದ್ದು 1843ರ ಐದನೆಯ ಆಕ್ಟಿನಿಂದ. ಪಟ್ಟಾದಲ್ಲಿ ಈ ಆಳಿನ ಹೆಸರಿಲ್ಲ, ಜಮಾಬಂದಿಯಲ್ಲಿ ಅವನಿಗೆ ಕರೆಯಿಲ್ಲ. ಕಾರಣ ಸರಳ: ಕರಾರಿಗೆ ಕೂರಲು ಕೈಯಲ್ಲಿ ಕೊಡುವುದಕ್ಕೆ ಏನಾದರೂ ಬೇಕು. ಕಂದಾಯ ಕೊಡದವನೊಂದಿಗೆ ಕಂದಾಯದ ಸರಕಾರಕ್ಕೆ ಏನು ಮಾತು? ಮನ್ರೋ ಕೆಟ್ಟವನಾಗಿದ್ದರಿಂದ ಹೀಗಾಗಲಿಲ್ಲ. ಅವನ ಕರಾರು ಎಷ್ಟು ಪ್ರಾಮಾಣಿಕವಾಗಿದ್ದರೂ ಕೊಡಬಲ್ಲವರೊಂದಿಗೆ ಮಾತ್ರ ಆಗುವಂಥದ್ದು.

ಮನ್ರೋನ ಪರವಾಗಿ ಒಂದು ಮಾತು ಹೇಳಲೇಬೇಕು. 1824ರ ಕೊನೆಯ ದಿನ ಬರೆದ ದೀರ್ಘ ಟಿಪ್ಪಣಿಯಲ್ಲಿ ಅವನು, ಈ ದೇಶದ ಜನ ತಮ್ಮನ್ನು ತಾವೇ ಆಳಿಕೊಳ್ಳುವಷ್ಟು ಬೆಳೆಯುವ ದಿನ ಬರಲಿ, ದೊಡ್ಡ ಹುದ್ದೆಗಳನ್ನು ಅವರಿಗೆ ಕೊಡಬೇಕು ಎಂಬ ವಿಚಾರ ಎತ್ತಿದ್ದಾನೆ. ಆ ಕಾಲದ ಕಂಪನಿಯ ನೌಕರನೊಬ್ಬನ ಬಾಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಅವನು ಕಟ್ಟಿದ ಯಂತ್ರ ಆ ವಿಚಾರಕ್ಕಾಗಿ ಓಡಲಿಲ್ಲ, ವಸೂಲಿಗಾಗಿ ಓಡಿತು. ಅವನು ತೀರಿಕೊಂಡು ಮೂವತ್ತು ವರ್ಷ ತುಂಬುವ ಮೊದಲೇ, ಕಂದಾಯ ವಸೂಲಿಗೆ ಕೆಳಗಿನ ನೌಕರರು ರೈತರಿಗೆ ಚಿತ್ರಹಿಂಸೆ ಕೊಡುತ್ತಾರೆಂಬ ದೂರುಗಳ ವಿಚಾರಣೆಗೆ ಮದರಾಸಿನಲ್ಲಿ ಒಂದು ಆಯೋಗ ಕೂತು, 1855ರಲ್ಲಿ ವರದಿ ಕೊಟ್ಟಿತು, ದೂರು ನಿಜವೆಂದಿತು. ಕೇಳುವ ಕಿವಿ ಹೋಗಿತ್ತು, ಅಳೆಯುವ ಸರಪಳಿ ಉಳಿದಿತ್ತು.

ಈಗ ಅದೇ ಕೆನರಾಕ್ಕೆ ಬನ್ನಿ. ಖಾಲಿ ಉಳಿದ ಆ ಪಟ್ಟಿಯ ನಾಡಿನಲ್ಲೇ, ಕಾಸರಗೋಡಿನಲ್ಲಿ, 1859ರ ಜೂನ್ 29ರಂದು ಕುದ್ಮುಲ್ ರಂಗರಾಯರು ಹುಟ್ಟಿದರು. ಸಾರಸ್ವತ ಬ್ರಾಹ್ಮಣರ ಮನೆ. ಹರೆಯದಲ್ಲೇ ತಂದೆ ತೀರಿಕೊಂಡರು. ಮಂಗಳೂರಿಗೆ ಹೋಗಿ, ಸಣ್ಣ ಸಂಬಳದ ಮಾಸ್ತರಿಕೆ ಮಾಡಿ, ಓದಿ, ವಕೀಲರಾದರು. ಬ್ರಹ್ಮಸಮಾಜದ ಸಂಗ ಅವರಿಗಿತ್ತು. ಅಲ್ಲಿಯವರೆಗೆ ಇದು ಒಬ್ಬ ಜಾಣ ಹುಡುಗ ಕಷ್ಟಪಟ್ಟು ಮೇಲೆ ಬಂದ ಕಥೆ. ಅಂಥವು ಆ ಕಾಲದಲ್ಲಿ ನೂರಾರು.

1890ರ ದಶಕದಲ್ಲಿ ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೊಂದು ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಶಾಲೆಗೆ ಮನೆ ಸಿಗುವುದು ಕಷ್ಟ, ಮಾಸ್ತರು ಸಿಗುವುದು ಇನ್ನೂ ಕಷ್ಟ. ಮೇಲ್ಜಾತಿಯವರು ಕಲಿಸಲು ಬಾರದಿದ್ದಾಗ ಕ್ರೈಸ್ತ ಮಾಸ್ತರರನ್ನು ಕರೆತಂದರು. ಅವರದೇ ಜಾತಿಯವರು ಅವರನ್ನು ಹೊರಗಿಟ್ಟರು. ಮಕ್ಕಳು ಬರುವುದೂ ಸುಲಭವಿರಲಿಲ್ಲ. ಬರುವ ಮಗುವಿನ ಒಂದು ದಿನದ ದುಡಿಮೆ ಮನೆಗೆ ತಪ್ಪುತ್ತದಲ್ಲ! ಅದಕ್ಕೆ ರಂಗರಾಯರು ಮಧ್ಯಾಹ್ನದ ಊಟ ಹಾಕಿದರು, ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು ಎಂದು ಮಂಗಳೂರಿನ ಹಿರಿಯರು ಹೇಳುತ್ತ ಬಂದಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಊಟ ಮತ್ತು ಎರಡು ಪೈಸೆ ಎಂದರೆ ಅದೂ ವ್ಯವಹಾರವೇ. ನೀನು ಶಾಲೆಗೆ ಬಾ, ನಾನು ಕಾಸು ಕೊಡುತ್ತೇನೆ. ಬಾಸ್ ಅವರು ಹೇಳಿದ ಮಾತು ಇದೇ: ಪರಿವರ್ತಕನ ಕೈಯಲ್ಲೂ ತಕ್ಕಡಿ ಇರುತ್ತದೆ. ವ್ಯತ್ಯಾಸ ಎಲ್ಲಿ ಎಂದರೆ, ಮನ್ರೋನ ಕರಾರು ಇದ್ದದ್ದನ್ನು ಇದ್ದ ಹಾಗೇ ಭದ್ರ ಮಾಡುತ್ತಿತ್ತು: ಈ ವರ್ಷ ಪಟ್ಟಾದಾರ, ಬರುವ ವರ್ಷವೂ ಪಟ್ಟಾದಾರ. ರಂಗರಾಯರ ಕರಾರು ತನ್ನನ್ನು ತಾನೇ ಮುಗಿಸಿಕೊಳ್ಳಲು ಹೊರಟದ್ದು. ಎರಡು ಪೈಸೆಗಾಗಿ ಬಂದ ಮಗು ನಾಲ್ಕು ವರ್ಷದ ಮೇಲೆ ಎರಡು ಪೈಸೆಗೆ ಕೈಯೊಡ್ಡುವ ಮನುಷ್ಯನಾಗಿ ಉಳಿಯಬಾರದು. ಅಕ್ಷರದ ಜೊತೆಗೆ ನೇಯ್ಗೆ, ಬಡಗಿ ಕೆಲಸ ಕಲಿಸಿದ್ದೂ, ಮನೆ ಕಟ್ಟಿಕೊಳ್ಳಲು ನೆಲ ಕೊಡಿಸಿದ್ದೂ ಅದಕ್ಕೇ.

ಪರಿವರ್ತಕ ತಾನೂ ಬದಲಾಗುತ್ತಾನೆ ಎಂದೆವಲ್ಲ, ಅದಕ್ಕೂ ಇಲ್ಲಿ ಸಾಕ್ಷಿಯಿದೆ. ಎಳವೆಯಲ್ಲೇ ವಿಧವೆಯಾಗಿದ್ದ ಮಗಳು ರಾಧಾಬಾಯಿಯನ್ನು ಅವರು ಓದಿಸಿದರು. ಆಮೇಲೆ ಆಕೆಯ ಮದುವೆ ಬೇರೆ ಜಾತಿಯ, ಬೇರೆ ಭಾಷೆಯ, ಸೇಲಂ ಸೀಮೆಯ ಪಿ. ಸುಬ್ಬರಾಯನ್ ಅವರೊಂದಿಗೆ ಆಯಿತು. ಸುಬ್ಬರಾಯನ್ 1926ರಿಂದ 1930ರವರೆಗೆ ಮದರಾಸಿನ ಪ್ರಧಾನ ಮಂತ್ರಿಯಾಗಿದ್ದವರು. ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿಗೆ ಹೋದರು, 1938ರಲ್ಲಿ ದಿಲ್ಲಿಯ ಕೌನ್ಸಿಲ್ ಆಫ್ ಸ್ಟೇಟ್‌ಗೆ ಚುನಾಯಿತರಾದರು. ಊರ ಮಕ್ಕಳಿಗೆ ಒಂದು ನ್ಯಾಯ, ಮನೆಯ ಮಗಳಿಗೆ ಇನ್ನೊಂದು ನ್ಯಾಯ ಎಂದು ರಂಗರಾಯರು ಇಟ್ಟುಕೊಳ್ಳಲಿಲ್ಲ. ಸುಧಾರಕರನೇಕರು ಎಡವಿದ್ದು ತಮ್ಮ ಮನೆಯ ಹೊಸ್ತಿಲಲ್ಲೇ ಎಂಬುದು ನಿಮಗೆ ತಿಳಿಯದ್ದಲ್ಲ.

ಕೊನೆಗಾಲದಲ್ಲಿ ಸನ್ಯಾಸ ತೆಗೆದುಕೊಂಡರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಕೊನೆಯ ಸಂಸ್ಕಾರವನ್ನು ಊರಿನ ತೋಟಿಗಳ ಕೈಯಿಂದ ಮಾಡಿಸಬೇಕೆಂದು ಬಯಸಿದ್ದರು. ದಲಿತರ ಮಕ್ಕಳು ಓದಿ ಹುದ್ದೆಗೇರಿ ಮೋಟಾರಿನಲ್ಲಿ ಓಡಾಡಬೇಕು, ಅದರ ಧೂಳು ತನ್ನ ತಲೆಯ ಮೇಲೆ ಬೀಳಬೇಕು ಎಂಬ ಅವರ ಆಸೆಯನ್ನು ಮಂಗಳೂರಿನಲ್ಲಿ ಇಂದಿಗೂ ಹೇಳುತ್ತಾರೆ. ಅಲ್ಲಿನ ಪುರಭವನಕ್ಕೆ ಅವರ ಹೆಸರೇ ಇದೆ.

ಹಾಗೆಂದು ಮನ್ರೋ ಸಣ್ಣವನು, ರಂಗರಾಯರು ದೊಡ್ಡವರು ಎಂದು ತೀರ್ಪು ಕೊಟ್ಟು ಎದ್ದುಬಿಡುವುದು ನ್ಯಾಯವಲ್ಲ. ಮನ್ರೋನ ಕಾಗದ ಲಕ್ಷಾಂತರ ಮನೆಗಳನ್ನು ಮುಟ್ಟಿತು. ರಂಗರಾಯರ ಶಾಲೆಗಳಿಗೆ ಬಂದ ಮಕ್ಕಳನ್ನು ಅದಕ್ಕೆ ಹೋಲಿಸಿದರೆ ಬೆರಳಲ್ಲಿ ಎಣಿಸಬೇಕು. ವ್ಯವಹಾರ ಬೇಗ ಹರಡುತ್ತದೆ, ಪರಿವರ್ತನೆ ಒಂದೊಂದೇ ಮನೆಯಾಗಿ ನಡೆಯುತ್ತದೆ. ಇನ್ನೊಂದು ಮಾತೂ ಇದೆ. ರಂಗರಾಯರ ಕಥೆ ಹೇಳುವಾಗ ನಾವು ಅವರ ತ್ಯಾಗವನ್ನೇ ಹೇಳುತ್ತೇವೆ. ಒಡೆಯನ ಕಣ್ಣು ಕೆಂಪಾಗುವುದನ್ನು ಕಂಡೂ ಮಗುವನ್ನು ಶಾಲೆಗೆ ಕಳಿಸಿದ ಆ ತಾಯಿತಂದೆಯರ ಎದೆಗಾರಿಕೆಯನ್ನು ಹೇಳುವುದಿಲ್ಲ. ಅವರ ಹೆಸರು ಪಟ್ಟಾದಲ್ಲೂ ಇಲ್ಲ, ನಮ್ಮ ಚರಿತ್ರೆಯಲ್ಲೂ ಇಲ್ಲ. ಬದಲಾವಣೆ ಮೇಲಿನಿಂದ ಬಿದ್ದ ಮಳೆಯಲ್ಲ. ಕೆಳಗಿನ ಬೀಜವೂ ಮೊಳೆಯಬೇಕಿತ್ತು, ಮೊಳೆಯಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಅದಕ್ಕೂ ಮೂರು ವರ್ಷ ಮೊದಲು, 1953ರ ಅಕ್ಟೋಬರಿನಲ್ಲಿ, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋಗಿದ್ದವು. ಗಡಿ ಬದಲಾಯಿತು, ಪಟ್ಟಾದ ಭಾಷೆ ಬದಲಾಯಿತು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿಪದ್ಧತಿ ಕೊನೆಗೊಂಡಿತು. ಗೇಣಿದಾರ ಗದ್ದೆಯ ಒಡೆಯನಾದ. ಇದು ದೊಡ್ಡ ಸಂಗತಿ, ಸಂಶಯವಿಲ್ಲ. ಆದರೆ ಆ ಗದ್ದೆಯಲ್ಲಿ ಕೂಲಿಗೆ ನೇಜಿ ನೆಟ್ಟವರು ಗೇಣಿದಾರರಾಗಿರಲಿಲ್ಲ. ಗೇಣಿಯ ಕರಾರಿನಲ್ಲೂ ಅವರ ಹೆಸರಿರಲಿಲ್ಲ. ಒಡೆಯರ ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ, ಕಾನೂನಿನ ಮಾತಿನಲ್ಲಿ ಕುಡಿಕಿಡಪ್ಪುಕಾರರಿಗೆ, ಸಿಕ್ಕ ಹಕ್ಕು ಪಂಚಾಯತಿನಲ್ಲಿ 10 ಸೆಂಟ್, ಪುರಸಭೆಯಲ್ಲಿ 5 ಸೆಂಟ್ ನೆಲದ ಮಟ್ಟಿಗೆ.

ಆ ಹತ್ತು ಸೆಂಟಿನ ಪಟ್ಟಾ ಮಲಯಾಳದಲ್ಲಿ ಬಂತು. ಅದು ಕೈಗೆ ಬಂದಾಗ ಓದಿಸಿಕೊಳ್ಳಲು ಹಳೆಯ ಒಡೆಯರ ಜಗಲಿಗೇ ಹೋದ ಮನೆಗಳು ಯಾವುವು, ತಮ್ಮದೇ ಮಕ್ಕಳ ಕೈಗೆ ಕೊಟ್ಟು ಓದಿಸಿಕೊಂಡ ಮನೆಗಳು ಯಾವುವು ಎಂದು ನಿಮ್ಮ ಊರಿನ ಹಿರಿಯರನ್ನು ಒಮ್ಮೆ ಕೇಳಿ ನೋಡಿ.